ಹತ್ತು ನಿಮಿಷದ ಆತಿಥ್ಯವನ್ನು ಪ್ರದರ್ಶನಕ್ಕಿಟ್ಟ ಬಗೆ

ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ತ್ ಪ್ಲಾಟ್ ಎಂಬ ಸಣ್ಣ ಊರು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲಿನಲ್ಲಿ ಹಾದುಹೋಗುವ ಸೈನಿಕರಿಗಾಗಿ ನಡೆಸಿದ ಕ್ಯಾಂಟೀನಿನ ಬಗ್ಗೆ ಒಂದು ಕೋಣೆಯಷ್ಟು ಪ್ರದರ್ಶನವನ್ನು ಸಿದ್ಧಪಡಿಸಲು ಸ್ವಯಂಸೇವಕನಾಗಿ ಒಪ್ಪಿಕೊಂಡಾಗ, ತೋರಿಸಲು ಕಟ್ಟಡವೇ ಇಲ್ಲವೆಂಬುದು ನನಗೆದುರಾದ ಮೊದಲ ತೊಡಕು. ಕ್ಯಾಂಟೀನು ನಡೆದಿದ್ದ ರೈಲು ನಿಲ್ದಾಣವನ್ನು 1973ರಲ್ಲಿ ಕೆಡವಿದ್ದರು. ಅಲ್ಲಿ ನಡೆದ ಕೆಲಸವೂ ಕುರುಹು ಉಳಿಸುವಂಥದ್ದಲ್ಲ. ಹಂಚಿದ್ದೆಲ್ಲ ಅಂದೇ ತಿಂದು ಮುಗಿದಿತ್ತು.

ಮೊದಲ ಕರಡಿನಲ್ಲಿ ಅಂಕಿಗಳನ್ನೇ ದೊಡ್ಡದಾಗಿ ಬರೆಸಿದ್ದೆ. ಸುಮಾರು 12,000 ಜನರಿದ್ದ ಊರು, ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳ ನೆರವಿನಿಂದ, 1941ರ ಕ್ರಿಸ್‌ಮಸ್ ದಿನದಿಂದ 1946ರ ಏಪ್ರಿಲ್ 1ರವರೆಗೆ 60 ಲಕ್ಷದಷ್ಟು ಸೈನಿಕರನ್ನು ಉಪಚರಿಸಿತ್ತು. ನೋಡಲು ಕರೆದವರು ಇದನ್ನೋದಿ ‘ಅಬ್ಬಾ’ ಎಂದು ಮುಂದೆ ನಡೆದುಬಿಟ್ಟರು.

ಆ ಫಲಕವನ್ನು ಮೂಲೆಗೆ ಸರಿಸಿ, ಕೋಣೆಯನ್ನು ಹತ್ತು ನಿಮಿಷದ ಅವಧಿಯ ಸುತ್ತ ಕಟ್ಟಿದೆ. ಉಗಿ ಎಂಜಿನ್ನಿಗೆ ನೀರು ತುಂಬಿ ಚಕ್ರಗಳಿಗೆ ಎಣ್ಣೆ ಹಾಕುವಷ್ಟು ಹೊತ್ತು, ಅಂದರೆ ಹತ್ತು ಹದಿನೈದು ನಿಮಿಷ ಮಾತ್ರ, ರೈಲು ನಿಲ್ಲುತ್ತಿತ್ತು. ಅಷ್ಟರೊಳಗೆ ಸೈನಿಕ ಹುಡುಗರು ಓಡಿಬಂದು ಸ್ಯಾಂಡ್‌ವಿಚ್ಚು, ಕಾಫಿ ಪಡೆದು, ಹುಟ್ಟುಹಬ್ಬವಿದ್ದವನು ಇಡೀ ಕೇಕನ್ನೇ ಹೊತ್ತುಕೊಂಡು ಬೋಗಿಗೆ ಮರಳಬೇಕಿತ್ತು. ಕೇಕಿನ ಪಕ್ಕದಲ್ಲಿ ಏನಿಡಬೇಕೆಂದು ಬಹಳ ಯೋಚಿಸಿದೆ. 1942ರ ಮೇ ತಿಂಗಳಲ್ಲಿ ಸಕ್ಕರೆಗೆ ಪಡಿತರ ಬಂದು, ತಲೆಗೆ ವಾರಕ್ಕೆ ಅರ್ಧ ಪೌಂಡು ಎಂದು ನಿಗದಿಯಾಗಿತ್ತು. ಅಷ್ಟನ್ನೇ ತೂಗಿ ಬಟ್ಟಲಲ್ಲಿಟ್ಟಾಗ, ಕೇಕಿಗಾಗಿ ಮನೆಯವರು ಏನನ್ನು ಬಿಟ್ಟುಕೊಟ್ಟರೆಂಬುದಕ್ಕೆ ವಿವರಣೆಯೇ ಬೇಕಾಗಲಿಲ್ಲ. (ಮೂರನೆಯ ದಿನ ಇರುವೆ ಮುತ್ತಿದ್ದರಿಂದ ಬಟ್ಟಲಿನ ಬದಲು ಮುಚ್ಚಳದ ಜಾಡಿ ಬಂತು.)

ಆರಂಭದ ತಪ್ಪನ್ನು ಮರೆಮಾಚಬಾರದೆಂದು ನಾನು ಹಟ ಹಿಡಿದೆ. 1941ರ ಡಿಸೆಂಬರ್ 17ರಂದು ಊರಿನವರು ಕಾದದ್ದು ತಮ್ಮ ನೆಬ್ರಾಸ್ಕದ ಹುಡುಗರಿಗಾಗಿ; ರೈಲಿನಲ್ಲಿ ಬಂದವರು ಕಾನ್ಸಸ್ ರಾಜ್ಯದವರು. ತಂದ ಉಡುಗೊರೆಗಳನ್ನು ಅವರಿಗೇ ಕೊಟ್ಟರು. ಅದನ್ನು ಕಂಡ ರೇ ವಿಲ್ಸನ್ ಎಂಬ ತರುಣಿ ಕ್ಯಾಂಟೀನು ತೆರೆಯೋಣವೆಂದು ಸ್ಥಳೀಯ ಪತ್ರಿಕೆಗೆ ಪತ್ರ ಬರೆದಳು. ಈ ಎಡವಟ್ಟು ಇಲ್ಲದೆ ಆ ಪತ್ರಕ್ಕೆ ಅರ್ಥವಿಲ್ಲ ಎಂಬುದು ನನ್ನ ವಾದವಾಗಿತ್ತು.

ಕೊನೆಯ ಗೋಡೆಗೆ ನೆರವಾದ ಊರುಗಳ ಹೆಸರುಗಳನ್ನು ಬರೆಸಿದ್ದೇನೆ. ತಮ್ಮ ಅಜ್ಜಿಯ ಊರನ್ನು ಹುಡುಕುವವರು ಅಲ್ಲೇ ಬಹಳ ಹೊತ್ತು ನಿಲ್ಲುತ್ತಾರೆ. ಬಿಟ್ಟುಹೋದ ಹೆಸರನ್ನು ಅವರೇ ಸೇರಿಸಲೆಂದು ಒಂದು ಪೆನ್ಸಿಲನ್ನು ದಾರದಿಂದ ಕಟ್ಟಿದ್ದೇನೆ.