ನಮ್ಮ ವಾಚನಾಲಯದ ಕಂಪ್ಯೂಟರುಗಳಿಗೆ ಮರೆವು ಕಲಿಸಿದ್ದು

ಮೂರನೇ ನಂಬರ್ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಯಾರದೋ ಇ-ಆಧಾರ್ ಪಿಡಿಎಫ್. ಅದರ ಕೆಳಗೆ ಅದೇ ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಇನ್ನೊಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೊಬ್ಬರ ಬಾಡಿಗೆ ಕರಾರು. ಇ-ಆಧಾರ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಅಂತೀರಾ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ಇಸವಿ, ಅಷ್ಟೇ. ಎರಡೂ ಪಕ್ಕದ ಮಾರ್ಕ್ಸ್ ಕಾರ್ಡಿನಲ್ಲಿತ್ತು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಅಲ್ಲೇ ಮೊಳೆಗೆ ನೇತುಹಾಕಿದ ಹಾಗೆ.

ಜಾಗ ಬೆಂಗಳೂರಿನ ಹನುಮಂತನಗರ. ಒಂದು ಸಣ್ಣ ಟ್ರಸ್ಟಿನ ವಾಚನಾಲಯ. ಮುಂದಿನ ಹಾಲಿನಲ್ಲಿ ಓದುಗರಿಗೆ ನಾಲ್ಕು ಕಂಪ್ಯೂಟರ್, ಹಿಂದಿನ ರೂಮಿನಲ್ಲಿ ಆಫೀಸಿನವರಿಗೆ ಮೂರು, ಎಲ್ಲಕ್ಕೂ ಸೇರಿ ಒಂದೇ ಪ್ರಿಂಟರ್. ನಾನು ಗಾಂಧಿ ಬಜಾರ್ ಸುತ್ತಮುತ್ತಲ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಈ ವಾಚನಾಲಯವನ್ನೂ ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೆ. ಅಂದರೆ ಆ ಡೌನ್‌ಲೋಡ್ಸ್ ಫೋಲ್ಡರಿನ ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಅವತ್ತು ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಆಫೀಸಿನ ಲೆಕ್ಕದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿವೆ ಅಂತ ಅಲ್ಲಿನ ಆಫೀಸಿನ ಮೇಡಂ ಫೋನ್ ಮಾಡಿದ್ದರು. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬಂದವರಿಗೆ ಈ ಕಾಯಿಲೆ ಗೊತ್ತಿರುತ್ತದೆ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನಲ್ಲಿ ಒಂದು ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಹಾಲಿನಲ್ಲಿ ಯಾರೋ ಹಾಕಿದ ಪೆನ್‌ಡ್ರೈವ್‌ನಿಂದ ಹೊರಟಿದ್ದು ಆಫೀಸಿನ ತನಕ ಹೋಗಿದ್ದು ಹೇಗೆ? ಸ್ಕ್ಯಾನ್ ಮಾಡಿದ್ದನ್ನು ಹಾಕಲು ಅನುಕೂಲ ಅಂತ ನಾನೇ ಒಂದು ಫೋಲ್ಡರನ್ನು ‘ಎವ್ರಿವನ್’ಗೆ ಪೂರ್ತಿ ತೆರೆದಿಟ್ಟಿದ್ದೆ. ಏಳು ಕಂಪ್ಯೂಟರುಗಳೂ ಒಂದೇ ನೆಟ್‌ವರ್ಕ್ ಸ್ವಿಚ್ಚಿನಲ್ಲಿದ್ದವು. ಬ್ಯಾಕಪ್ ಇತ್ತು, ಲೆಕ್ಕ ಉಳಿಯಿತು.

ಸೆಕ್ರೆಟರಿಯವರು ನಿವೃತ್ತ ಮೇಷ್ಟ್ರು. ‘ಏನ್ರೀ, ಮುಂದಿನ ಕಂಪ್ಯೂಟರುಗಳನ್ನ ತೆಗೆದೇಬಿಡೋಣ್ವಾ?’ ಅಂದರು. ‘ಬೇಡ ಸಾರ್, ಒಂದು ತಿಂಗಳು ಕೊಡಿ’ ಅಂದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಿಗಿ ಮಾಡುವುದು. ಓದುಗರಿಗೆ ಅಡ್ಮಿನ್ ಹಕ್ಕಿಲ್ಲದ ಖಾತೆ. ಸಿ ಡ್ರೈವ್ ಕಾಣಬಾರದು, ಕಂಟ್ರೋಲ್ ಪ್ಯಾನೆಲ್ ಬೇಡ, ಕಮಾಂಡ್ ಪ್ರಾಂಪ್ಟ್ ಬೇಡ, ರಿಜಿಸ್ಟ್ರಿ ಬೇಡ. ಯಾರು ಏನು ಮಾಡಬಹುದು ಅಂತ ವಿಂಡೋಸಿಗೆ ಹೇಳುವ ಗ್ರೂಪ್ ಪಾಲಿಸಿ ತೆರೆದು ಒಂದೊಂದಾಗಿ ಆಫ್ ಮಾಡುತ್ತಾ ಹೋದೆ. ಖುಷಿಯಲ್ಲಿ ರೀಸ್ಟಾರ್ಟ್ ಮಾಡಿದೆ. ಅಡ್ಮಿನ್ ಆಗಿ ಒಳಗೆ ಹೋದರೆ ನನಗೂ ಏನೂ ಇಲ್ಲ! ಗ್ರೂಪ್ ಪಾಲಿಸಿ ತಿದ್ದುವ ಜಿಪಿಎಡಿಟ್ ಅನ್ನು ನೇರವಾಗಿ ತೆರೆದು ಯೂಸರ್ ಭಾಗದಲ್ಲಿ ಮಾಡುವ ಬದಲಾವಣೆ ಆ ಕಂಪ್ಯೂಟರಿನ ಎಲ್ಲರಿಗೂ ಅನ್ವಯಿಸುತ್ತದೆ, ಅಡ್ಮಿನ್‌ಗೂ ಸೇರಿ. ಇಷ್ಟು ವರ್ಷದ ಅನುಭವ ಇದ್ದೂ ಅದನ್ನು ಮರೆತಿದ್ದೆ. ಕೊನೆಗೆ ಲಿನಕ್ಸ್ (ವಿಂಡೋಸಿನ ಬದಲಿಗೆ ಓಡುವ ಇನ್ನೊಂದು ವ್ಯವಸ್ಥೆ) ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿಸ್ಟಂ32 ಒಳಗೆ ಅಡಗಿರುವ ಗ್ರೂಪ್‌ಪಾಲಿಸಿ ಫೋಲ್ಡರಿನ ಹೆಸರು ಬದಲಾಯಿಸಿ ಹೊರಗೆ ಬಂದೆ. ಸರಿಯಾದ ದಾರಿ ಬೇರೆ ಇದೆ. ರನ್‌ನಲ್ಲಿ ಎಂಎಂಸಿ ತೆರೆಯಬೇಕು, ಗ್ರೂಪ್ ಪಾಲಿಸಿ ಆಬ್ಜೆಕ್ಟ್ ಎಡಿಟರ್ ಸೇರಿಸಬೇಕು, ಬ್ರೌಸ್ ಒತ್ತಿ ಯೂಸರ್ಸ್ ಟ್ಯಾಬಿನಲ್ಲಿ ‘ನಾನ್-ಅಡ್ಮಿನಿಸ್ಟ್ರೇಟರ್ಸ್’ ಆರಿಸಬೇಕು. ಅಲ್ಲಿ ಹಾಕಿದ ಬೀಗ ಅಡ್ಮಿನ್ ಅಲ್ಲದವರಿಗೆ ಮಾತ್ರ. ಇದೆಲ್ಲ ವಿಂಡೋಸ್ ಪ್ರೊ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಮಾತ್ರ ಇರುತ್ತದೆ, ಹೋಮ್‌ನಲ್ಲಿ ಇರುವುದಿಲ್ಲ. ಎಸ್.ಪಿ. ರೋಡಿನಲ್ಲಿ ಹಳೆ ಡೆಸ್ಕ್‌ಟಾಪ್ ತರುವಾಗ ಪ್ರೊ ಲೈಸೆನ್ಸ್ ಇದೆಯಾ ಅಂತ ನಾನು ಮೊದಲು ಕೇಳುವುದು ಇದಕ್ಕೇ.

ಇನ್ನೂ ಬಿಗಿ ಇರಲಿ ಅಂತ ಒಂದು ಕಂಪ್ಯೂಟರನ್ನು ಕಿಯೋಸ್ಕ್ ಮಾಡಿ ನೋಡಿದೆ. ಬರೀ ಎಡ್ಜ್ ಬ್ರೌಸರ್, ಬೇರೇನೂ ಇಲ್ಲ. ಎರಡೇ ದಿನಕ್ಕೆ ಜಗಳ ಶುರುವಾಯಿತು. ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಗೆ ರೆಸ್ಯೂಮೆ ತಿದ್ದಬೇಕು. ಇನ್ನೊಬ್ಬನಿಗೆ ಫೋಟೊ 50 ಕೆಬಿ ಒಳಗೆ ತರಬೇಕು. ಕಿಯೋಸ್ಕ್‌ನಲ್ಲಿ ಅದು ಆಗಲ್ಲ ಅಂತ ಅವನು ಯಾವುದೋ ಗೊತ್ತಿಲ್ಲದ ವೆಬ್‌ಸೈಟಿಗೆ ಫೋಟೊ, ಸಹಿ, ಆಧಾರ್ ಎಲ್ಲ ಅಪ್‌ಲೋಡ್ ಮಾಡಿ ಚಿಕ್ಕದು ಮಾಡುತ್ತಿದ್ದ. ನಾನು ಬೀಗ ಹಾಕಿದ್ದರಿಂದಲೇ ಅವನು ಅಪಾಯದ ದಾರಿ ಹಿಡಿದಿದ್ದ. ಪೇಂಟ್‌ನಲ್ಲಿ ಹೇಗೆ ಚಿಕ್ಕದು ಮಾಡುವುದು ಅಂತ ಈಗ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದೇವೆ.

ಆ ಹುಡುಗನನ್ನು ನೋಡಿದ ಮೇಲೆ ನನ್ನ ತಲೆಯಲ್ಲಿ ಪ್ರಶ್ನೆಯೇ ಬದಲಾಯಿತು. ನಾನು ಕಂಪ್ಯೂಟರನ್ನು ಜನರಿಂದ ಕಾಪಾಡಲು ಹೊರಟಿದ್ದೆ. ಕಂಪ್ಯೂಟರಿಗೆ ಏನಾದರೆ ಏನು, ಅರ್ಧ ದಿನದಲ್ಲಿ ಮತ್ತೆ ವಿಂಡೋಸ್ ಹಾಕಬಹುದು. ಕಾಪಾಡಬೇಕಾಗಿದ್ದು ಹತ್ತು ಗಂಟೆಗೆ ಕೂತವರನ್ನು ಹನ್ನೊಂದಕ್ಕೆ ಬಂದು ಕೂರುವವರಿಂದ. ಅದಕ್ಕೆ ಬೀಗಕ್ಕಿಂತ ಮರೆವು ಜಾಸ್ತಿ ಮುಖ್ಯ.

ಈ ಮರೆವಿನ ಐಡಿಯಾ ನನಗೆ ಹೊಸದಲ್ಲ. 2008ರ ಸುಮಾರಿಗೆ ಮಲ್ಲೇಶ್ವರದ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ಆಗ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟೇ ಸ್ಟೆಡಿಸ್ಟೇಟ್ ಅಂತ ಒಂದು ತಂತ್ರಾಂಶವನ್ನು ಬಿಟ್ಟಿಯಾಗಿ ಕೊಡುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಹಿಂದಿನವರು ಮಾಡಿದ್ದೆಲ್ಲ ಮಾಯ. 2010ರ ಕೊನೆಗೆ ಅದನ್ನು ನಿಲ್ಲಿಸಿಬಿಟ್ಟರು. ವಿಂಡೋಸ್ 7ಗೆ ಅದು ಬರಲೇ ಇಲ್ಲ. ದುಡ್ಡು ಕೊಟ್ಟರೆ ಡೀಪ್ ಫ್ರೀಜ್ ಸಿಗುತ್ತದೆ. ಅದು ಗಟ್ಟಿ, ಆದರೆ ಫ್ರೀಜ್ ತೆಗೆಯದೆ ಅಪ್‌ಡೇಟ್ ಹಾಕಿದರೆ ಅಪ್‌ಡೇಟೂ ಮಾಯವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಕರೆಂಟಿನದು. ಅರ್ಧ ತುಂಬಿದ ಅರ್ಜಿ ಇರುವಾಗ ಕರೆಂಟ್ ಹೋಗಿ ಬಂದರೆ, ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿದ್ದೂ ಇರುವುದಿಲ್ಲ. ಮರೆವು ಬೇಕು, ಆದರೆ ಅದು ಆ ಮನುಷ್ಯ ಎದ್ದು ಹೋದ ಮೇಲೆ ಬರಬೇಕು. ಯುಪಿಎಸ್ ಬ್ಯಾಟರಿಗಳನ್ನು ಬದಲಾಯಿಸಿದ್ದು ಇದೇ ಕಾರಣಕ್ಕೆ.

ಕೊನೆಗೆ ನಾನು ಹಿಡಿದಿದ್ದು ವಿಂಡೋಸ್ ಪ್ರೊದಲ್ಲೇ ಇರುವ ಶೇರ್ಡ್ ಪಿಸಿ ಮೋಡ್. ಇದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಯಾಕಂದರೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಸ್ವಿಚ್ಚಿನ ಹಾಗೆ ಕಾಣುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಿಂದ ವಿಂಡೋಸ್ ಕಾನ್ಫಿಗರೇಶನ್ ಡಿಸೈನರ್ ಇಳಿಸಿಕೊಂಡು, ಅದರಲ್ಲಿ ಒಂದು ಪ್ಯಾಕೇಜ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತಂದು ಪ್ರತಿ ಕಂಪ್ಯೂಟರಿಗೂ ಹಾಕಬೇಕು. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲೇ ಇದನ್ನು ಮಾಡುವುದು ಒಳ್ಳೆಯದು. ಆಮೇಲೆ ಲಾಗಿನ್ ಪರದೆಯಲ್ಲಿ ‘ಗೆಸ್ಟ್’ ಅಂತ ಬರುತ್ತದೆ. ಒತ್ತಿದರೆ ಹೊಸ ಖಾತೆ ಹುಟ್ಟುತ್ತದೆ. ಸೈನ್ ಔಟ್ ಮಾಡಿದರೆ ಆ ಖಾತೆಯೇ ಅಳಿಸಿಹೋಗುತ್ತದೆ, ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಬ್ರೌಸರ್ ಸಮೇತ. ಪ್ರತಿ ಸಲ ಹೊಸ ಖಾತೆ ಕಟ್ಟಬೇಕಾದ್ದರಿಂದ ಹಳೆ ಹಾರ್ಡ್‌ಡಿಸ್ಕಿನಲ್ಲಿ ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಅದರ ಬದಲು ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಯಾರೂ ಗೊಣಗಲಿಲ್ಲ.

ಆದರೆ ಸೈನ್ ಔಟ್ ಮಾಡಬೇಕಲ್ಲ! ಜನ ಮಾಡುವುದಿಲ್ಲ. ಸುಮ್ನೆ ಎದ್ದು ಹೋಗುತ್ತಾರೆ. ಹೆಚ್ಚೆಂದರೆ ಬ್ರೌಸರ್ ಮುಚ್ಚುತ್ತಾರೆ. ಹಾಗಾಗಿ ಕ್ರೋಮ್ ಪಾಲಿಸಿಯಲ್ಲಿ ಪ್ರೊಫೈಲನ್ನು ತಾತ್ಕಾಲಿಕ ಮಾಡಿದೆ. ಕಿಟಕಿ ಮುಚ್ಚಿದರೆ ಲಾಗಿನ್, ಹಿಸ್ಟರಿ ಎಲ್ಲ ಹೋಗುತ್ತದೆ. ಪಾಸ್‌ವರ್ಡ್ ನೆನಪಿಡುವುದು ಬಂದ್, ಎಕ್ಸ್‌ಟೆನ್ಶನ್ ಹಾಕುವುದು ಬಂದ್. ಜೊತೆಗೆ ಕ್ರೋಮ್ ಹಿನ್ನೆಲೆಯಲ್ಲಿ ಓಡುವುದನ್ನೂ ನಿಲ್ಲಿಸಬೇಕು. ಇಲ್ಲದಿದ್ದರೆ ಕಿಟಕಿ ಮುಚ್ಚಿದರೂ ಬ್ರೌಸರ್ ಒಳಗೊಳಗೇ ಬದುಕಿರುತ್ತದೆ, ವಾಟ್ಸಾಪ್ ವೆಬ್ ಕೂಡ ಹಾಗೇ ಇರುತ್ತದೆ.

ಇಲ್ಲಿಯವರೆಗೆ ಬೆಂಗಳೂರು ಬಿಟ್ಟು ಬೇರೆ ಯಾವ ಊರಾದರೂ ಕಥೆ ಇದೇ ಆಗುತ್ತಿತ್ತೇನೋ. ನಮಗೆ ಬಂದ ಇನ್ನೊಂದು ತಲೆನೋವು ಕನ್ನಡದ್ದು. ಪ್ರತಿ ಸಲ ಹೊಸ ಖಾತೆ ಅಂದರೆ ಪ್ರತಿ ಸಲ ಬರೀ ಇಂಗ್ಲಿಷ್ ಕೀಬೋರ್ಡ್. ದಿನಾ ಬಂದು ಪತ್ರಿಕೆಗೆ ಪತ್ರ ಟೈಪ್ ಮಾಡುವ ಹಿರಿಯರೊಬ್ಬರಿದ್ದಾರೆ. ‘ಏನಪ್ಪಾ, ಕನ್ನಡವನ್ನೂ ವೈರಸ್ ಅಂತ ತೆಗೆದುಬಿಟ್ಯಾ?’ ಅಂದರು. ಪರಿಹಾರ ಹಳೆ ಕಂಟ್ರೋಲ್ ಪ್ಯಾನೆಲ್‌ನ ರೀಜನ್ ಒಳಗೆ ಸಿಕ್ಕಿತು. ಅಡ್ಮಿನಿಸ್ಟ್ರೇಟಿವ್ ಟ್ಯಾಬಿನಲ್ಲಿ ‘ಕಾಪಿ ಸೆಟ್ಟಿಂಗ್ಸ್’ ಅಂತ ಇದೆ. ಅಡ್ಮಿನ್ ಖಾತೆಯಲ್ಲಿ ವಿಂಡೋಸಿನ ಕನ್ನಡ ಫೋನೆಟಿಕ್ ಕೀಬೋರ್ಡ್ ಹಾಕಿಕೊಂಡು, ಅಲ್ಲಿ ಹೊಸ ಖಾತೆಗಳಿಗೂ ಅನ್ನುವುದಕ್ಕೆ ಟಿಕ್ ಹಾಕಿದರೆ ಆಯಿತು. ನುಡಿ ಫಾಂಟುಗಳದ್ದೂ ಇದೇ ಗೋಳು. ಹಳೆ ಕಡತಗಳೆಲ್ಲ ಅದರಲ್ಲೇ ಇವೆ, ಫಾಂಟ್ ಇಲ್ಲದಿದ್ದರೆ ಬರೀ ಚಿಹ್ನೆಗಳ ಸಂತೆ. ಈಗಿನ ವಿಂಡೋಸ್‌ನಲ್ಲಿ ಫಾಂಟ್ ಹಾಕಿದರೆ ಅದು ಹಾಕಿದವರಿಗೆ ಮಾತ್ರ ಸಿಗುತ್ತದೆ. ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಬೇಕು. ಹಿರಿಯರು ಈಗ ಸಮಾಧಾನವಾಗಿದ್ದಾರೆ. ಪತ್ರಗಳು ಮಾತ್ರ ಮೊದಲಿನಷ್ಟೇ ಖಾರವಾಗಿವೆ.

ಪೆನ್‌ಡ್ರೈವ್ ಪೂರ್ತಿ ನಿಲ್ಲಿಸಬೇಕು ಅಂತ ಮೇಡಂ ಹಟ ಹಿಡಿದರು. ನಾನು ಒಪ್ಪಲಿಲ್ಲ. ಓದುವ ಮಕ್ಕಳ ಕೈಯಲ್ಲಿರುವುದೇ ಅದು. ಬದಲಿಗೆ ರಿಮೂವಬಲ್ ಸ್ಟೋರೇಜ್ ಪಾಲಿಸಿಯಲ್ಲಿ ‘ಡಿನೈ ಎಕ್ಸಿಕ್ಯೂಟ್’ ಆನ್ ಮಾಡಿದೆ. ಫೈಲ್ ಓದಬಹುದು, ಬರೆಯಬಹುದು, ಪೆನ್‌ಡ್ರೈವ್‌ನಿಂದ ನೇರವಾಗಿ ಪ್ರೋಗ್ರಾಂ ಓಡಿಸುವಂತಿಲ್ಲ. ಪೆನ್‌ಡ್ರೈವ್ ಹಾಕಿದೊಡನೆ ತಾನಾಗೇ ತೆರೆಯುವ ಆಟೊಪ್ಲೇ ಬಂದ್. ಅಡಗಿದ ಫೈಲುಗಳೂ ಫೈಲಿನ ಬಾಲವೂ (.exe, .pdf ಥರದ್ದು) ಕಾಣುವ ಹಾಗೆ ಮಾಡಿದೆ. ಫೋಲ್ಡರ್ ಹೆಸರಿನ ಶಾರ್ಟ್‌ಕಟ್ಟಿನ ಪಕ್ಕದಲ್ಲೇ ನಿಜವಾದ ಫೋಲ್ಡರ್ ಮಸುಕಾಗಿ ಕಂಡರೆ ಎಂಥವರಿಗೂ ಅನುಮಾನ ಬರುತ್ತದೆ, ಅಲ್ವಾ? ಇದರ ಮೇಲೆ ಆ್ಯಪ್‌ಲಾಕರ್. ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿರುವುದು ಮಾತ್ರ ಓಡಬೇಕು, ಡೌನ್‌ಲೋಡ್ಸ್‌ಗೆ ಇಳಿಸಿದ್ದು ಓಡಬಾರದು.

ಇನ್ನು ನೆಟ್‌ವರ್ಕ್. ಇಂಟರ್ನೆಟ್ ಕಂಪನಿ ಕೊಟ್ಟ ರೌಟರಿನಲ್ಲಿ ಗೆಸ್ಟ್ ವೈಫೈ ಇದೆ, ಅದೇ ಸಾಕು ಅಂತ ಮೇಷ್ಟ್ರ ಮಗ ಹೇಳಿದ. ನಮ್ಮದು ತಂತಿಯ ಮೇಲಿರುವ ಕಂಪ್ಯೂಟರುಗಳು, ಅವಕ್ಕೆ ಗೆಸ್ಟ್ ವೈಫೈ ಏನೂ ಮಾಡುವುದಿಲ್ಲ. ಒಂದು ಸಣ್ಣ ಮೈಕ್ರೋಟಿಕ್ ರೌಟರ್ ತಂದು ಎರಡು ಬೇರೆ ಜಾಲ ಮಾಡಿದೆ. ಆಫೀಸಿನ ಕಂಪ್ಯೂಟರುಗಳ ವಿಳಾಸ 192.168.10ರಿಂದ ಶುರು, ಹಾಲಿನವುಗಳದ್ದು 192.168.20ರಿಂದ. ಆಫೀಸಿನಿಂದ ಹಾಲಿಗೆ ಹೋಗಬಹುದು, ಹಾಲಿನಿಂದ ಆಫೀಸಿಗೆ ಬಾಗಿಲಿಲ್ಲ. ಹಾಲಿನ ನಾಲ್ಕೂ ಒಂದನ್ನೊಂದು ನೋಡಬಾರದು ಅಂತ ಸ್ವಿಚ್ಚಿನಲ್ಲಿ ಪೋರ್ಟ್ ಐಸೊಲೇಶನ್ ಹಾಕಿದೆ. ಪ್ರಿಂಟರ್ ಆಫೀಸಿನ ಕಡೆ ಇದೆ. ಅದಕ್ಕೆ ಒಂದೇ ಒಂದು ಕಿಂಡಿ ಬಿಟ್ಟೆ. ಪ್ರಿಂಟರಿನ ವಿಳಾಸಕ್ಕೆ, ಪ್ರಿಂಟ್ ಹೋಗುವ 9100ನೇ ಪೋರ್ಟಿಗೆ ಮಾತ್ರ. ಪ್ರಿಂಟರಿನ ಸೆಟ್ಟಿಂಗ್ಸ್ ಪುಟ ಹಾಲಿನಿಂದ ತೆರೆಯುವುದಿಲ್ಲ. ಡಿಎನ್‌ಎಸ್‌ಗೆ, ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆಗೆ, ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಹಾಕಿದೆ. ವೈರಸ್ ಸೈಟು, ಅಶ್ಲೀಲ ಸೈಟು ಎರಡನ್ನೂ ಅದು ತಡೆಯುತ್ತದೆ. ಕ್ರೋಮ್ ತನ್ನದೇ ಗುಟ್ಟಿನ ಡಿಎನ್‌ಎಸ್ ಬಳಸಿ ಇದನ್ನು ದಾಟಬಾರದು ಅಂತ ಅದಕ್ಕೂ ಪಾಲಿಸಿ ಹಾಕಬೇಕಾಯಿತು.

ವಿಂಡೋಸ್‌ಗಿಂತ ಮೊದಲೇ ಏಳುವ ಬಯಾಸ್‌ಗೆ ಪಾಸ್‌ವರ್ಡ್ ಹಾಕಿ, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ನಿಲ್ಲಿಸಿದೆ. ನಾನೇ ಲಿನಕ್ಸ್ ಪೆನ್‌ಡ್ರೈವ್‌ನಿಂದ ನುಗ್ಗಿದ್ದೆನಲ್ಲ, ಇನ್ನೊಬ್ಬರೂ ನುಗ್ಗಬಹುದು. ಡಬ್ಬಿ ಬಿಚ್ಚಿ ಸಣ್ಣ ಬ್ಯಾಟರಿ ಕಿತ್ತರೆ ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಆ ಪಾಸ್‌ವರ್ಡೂ ಹೋಗುತ್ತದೆ. ಅದಕ್ಕೆ ಕ್ಯಾಬಿನೆಟ್ಟಿನ ಕೊಂಡಿಗೆ ನಿಜವಾದ ಬೀಗವನ್ನೇ ಹಾಕಿದೆ, ಸೂಟ್‌ಕೇಸಿಗೆ ಹಾಕುವಂಥದ್ದು. ಬೆಳಗ್ಗೆ ಬಾಗಿಲು ತೆರೆಯುವವರು ಕಸ ಗುಡಿಸುವಾಗ ಹಿಂಭಾಗವನ್ನೂ ಒಮ್ಮೆ ನೋಡುತ್ತಾರೆ. ಕೀಬೋರ್ಡ್ ತಂತಿಗೂ ಕಂಪ್ಯೂಟರಿಗೂ ಮಧ್ಯೆ ಬೆರಳಿನುದ್ದದ ಏನಾದರೂ ಸಿಕ್ಕಿಸಿದ್ದರೆ ನನಗೆ ಫೋನ್ ಮಾಡಬೇಕು. ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಸಾಧನ ಹಾಗೇ ಇರುತ್ತದೆ. ಅದನ್ನು ಯಾವ ಪಾಲಿಸಿಯೂ ಹಿಡಿಯುವುದಿಲ್ಲ.

ನಾಲ್ಕರಲ್ಲಿ ಎರಡು ಕಂಪ್ಯೂಟರ್ ಹಳೆಯವು, ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವಕ್ಕೆ ಲಿನಕ್ಸ್ ಮಿಂಟ್ ಹಾಕಿ ಗೆಸ್ಟ್ ಸೆಶನ್ ಆನ್ ಮಾಡಿದೆ. ಒಂದು ಟಿಕ್, ಅಷ್ಟೇ. ವಿಂಡೋಸ್‌ನಲ್ಲಿ ವಾರಗಟ್ಟಲೆ ಒದ್ದಾಡಿದ್ದು ಇಲ್ಲಿ ಐದು ನಿಮಿಷ. ‘ವರ್ಡ್ ಎಲ್ಲಿ?’ ಅಂತ ಒಂದು ವಾರ ಕೇಳಿದರು, ಆಮೇಲೆ ಯಾರೂ ಕೇಳಲಿಲ್ಲ.

ಮಾಡಿದ್ದನ್ನೆಲ್ಲ ಮೇಷ್ಟ್ರಿಗೆ ತೋರಿಸಲು ಹೋದೆ. ನೆಟ್‌ವರ್ಕಿನ ನಕ್ಷೆಯನ್ನು ಪ್ರಿಂಟರ್ ಪಕ್ಕದ ರಟ್ಟಿನ ಡಬ್ಬದಿಂದ ತೆಗೆದ ಹಾಳೆಯೊಂದರ ಮೇಲೆ ಬರೆದುಕೊಂಡಿದ್ದೆ. ಸರಿಯಾಗಿ ಬಾರದ ಪ್ರಿಂಟುಗಳನ್ನೆಲ್ಲ ಆ ಡಬ್ಬಕ್ಕೆ ಹಾಕುತ್ತಾರೆ. ಹಿಂಬದಿ ಖಾಲಿ ಇರುತ್ತದೆ, ಗೀಚಲು ಬರುತ್ತದೆ ಅಂತ. ಮೇಷ್ಟ್ರು ಕನ್ನಡಕ ಏರಿಸಿ ನಕ್ಷೆ ನೋಡಿದರು, ಆಮೇಲೆ ಹಾಳೆ ತಿರುಗಿಸಿದರು. ಅಲ್ಲಿ ಯಾರದೋ ಆಧಾರ್ ಇತ್ತು. ಫೋಟೊ, ವಿಳಾಸ, ನಂಬರ್, ಎಲ್ಲ.

‘ಇದಕ್ಕೇನು ಪಾಲಿಸಿ ಹಾಕ್ತೀರಿ?’ ಅಂದರು.

ಮಾರನೇ ದಿನ ಎಸ್.ಪಿ. ರೋಡಿಗೆ ಹೋಗಿ ಕಾಗದ ಕತ್ತರಿಸುವ ಮೆಷಿನ್ ತಂದೆ. ಆ ಡಬ್ಬ ಖಾಲಿ ಮಾಡುವುದಕ್ಕೆ ಮೇಡಂಗೆ ಎರಡು ಮಧ್ಯಾಹ್ನ ಬೇಕಾಯಿತು.