ಆಕ್ಸೆಂಟ್ ಎದ್ದು ಕೇಳಬೇಕೇ? ಮೆಲ್ಲಗೆ ಹೊಡೆಯಲು ಕಲಿಯಿರಿ

ಸುತ್ತಲಿನ ಪೆಟ್ಟುಗಳಿಗಿಂತ ಎದ್ದು ಕೇಳುವ ಪೆಟ್ಟೇ ಆಕ್ಸೆಂಟ್. ಡ್ರಮ್ ಕಲಿಯುವವರಲ್ಲಿ ತುಂಬಾ ಜನ ಅದು ಅಂದರೆ ಬರೀ ಜೋರಾಗಿ ಬಾರಿಸುವುದು ಅಂದುಕೊಳ್ಳುತ್ತಾರೆ. ಜೋರು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಅದರ ಬೆನ್ನಿಗೇ ಬರುವ ಮೆಲ್ಲನೆ ಪೆಟ್ಟಿನಲ್ಲಿ.

ಮೊದಲು ಎತ್ತರ ಗೊತ್ತುಮಾಡಿಕೊಳ್ಳಿ. ಸ್ಟಿಕ್‌ನ ತುದಿ ಪ್ರಾಕ್ಟೀಸ್ ಪ್ಯಾಡ್‌ನಿಂದ 2-3 ಇಂಚು ಮೇಲಿಂದ ಬಿದ್ದರೆ ಟ್ಯಾಪ್, 9-10 ಇಂಚು ಮೇಲಿಂದ ಬಿದ್ದರೆ ಆಕ್ಸೆಂಟ್. ತೋಳಿನ ಬಲ ಬೇಡ.

ಸಮನಾಗಿ ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೊನೋಮ್ ಅನ್ನು 60ಕ್ಕೆ, ಅಂದರೆ ನಿಮಿಷಕ್ಕೆ 60 ಬೀಟ್‌ಗೆ ಇಡಿ. ಬೀಟ್‌ಗೆ ನಾಲ್ಕು ಪೆಟ್ಟು: ಬಲ, ಎಡ, ಬಲ, ಎಡ. ಬರೀ ಟ್ಯಾಪ್. ಎರಡೂ ಕೈಯ ಸದ್ದು ಒಂದೇ ಥರ ಬಂದ ಮೇಲೆ ಪ್ರತಿ ಬೀಟ್‌ನ ಮೊದಲ ಪೆಟ್ಟಿಗೆ ಆಕ್ಸೆಂಟ್ ಕೊಡಿ. ಹೊಡೆದ ತಕ್ಷಣ ಸ್ಟಿಕ್ ಪುಟಿದು ಮೇಲೇಳುತ್ತದೆ. ಅದನ್ನು ಕೆಳಗೇ ತಡೆಯಿರಿ. ಇದೇ ಡೌನ್ ಸ್ಟ್ರೋಕ್. ಮುಷ್ಟಿ ಬಿಗಿದರೆ ಮಣಿಕಟ್ಟು ನೋಯುತ್ತದೆ. ಹಿಂದಿನ ಮೂರು ಬೆರಳು ಸ್ಟಿಕ್‌ಗೆ ಹಗುರವಾಗಿ ತಾಗಿದರೆ ಸಾಕು. ಈ ಒಂದು ವಿಷಯಕ್ಕೆ ಎಷ್ಟು ದಿನ ಕೊಟ್ಟರೂ ಜಾಸ್ತಿ ಅಲ್ಲ.

ಬೀಟ್‌ಗೆ ಮೂರು ಪೆಟ್ಟು ಹಾಕಿದರೆ ಆಕ್ಸೆಂಟ್ ಒಮ್ಮೆ ಬಲಗೈಗೆ, ಒಮ್ಮೆ ಎಡಗೈಗೆ ಬರುತ್ತದೆ. ಎಡಗೈ ಸೋಲುತ್ತಿದೆಯಾ ಅಂತ ಆಗ ಗೊತ್ತಾಗುತ್ತದೆ.

ಈಗ ಪ್ಯಾರಡಿಡಲ್. ತಾಳವಾದ್ಯಗಾರರ ಸಂಘಟನೆಯಾದ ಪರ್ಕಸಿವ್ ಆರ್ಟ್ಸ್ ಸೊಸೈಟಿಯ 40 ರುಡಿಮೆಂಟ್‌ಗಳಲ್ಲಿ, ಅಂದರೆ ಡ್ರಮ್‌ನ ಮೂಲ ಪಾಠಗಳಲ್ಲಿ, ಇದೂ ಒಂದು: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಮೊದಲ ಮತ್ತು ಐದನೇ ಪೆಟ್ಟಿಗೆ ಆಕ್ಸೆಂಟ್. ಇಲ್ಲಿ ಗಮನ ಇಡಬೇಕಾದ್ದು ಎರಡನೇ ಪೆಟ್ಟಿನ ಮೇಲೆ. ಎಡಗೈಯ ಮುಂದಿನ ಪೆಟ್ಟೇ ಆಕ್ಸೆಂಟ್ ಅಲ್ವಾ? ಹಾಗಾಗಿ ಎಡಗೈ ಎರಡನೆಯದನ್ನು ಮೆಲ್ಲಗೆ ಹೊಡೆದು, ಹಾಗೇ ಮೇಲಕ್ಕೆ ಎದ್ದು ಕಾಯಬೇಕು. ಅದು ಅಪ್ ಸ್ಟ್ರೋಕ್. ಆರನೆಯದರಲ್ಲಿ ಬಲಗೈಗೂ ಇದೇ ಕೆಲಸ. ಹೊಡೆಯುವ ಮೊದಲೇ ಕೈ ಎತ್ತಿದರೆ ಟ್ಯಾಪ್ ಜೋರಾಗಿಬಿಡುತ್ತದೆ.

ಇದು ಕೂತ ಮೇಲೆ ಆಕ್ಸೆಂಟನ್ನು ಎರಡನೇ ಪೆಟ್ಟಿಗೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಸರಿಸುತ್ತಾ ಹೋಗಿ. ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟ. ಒಂದೇ ಕೈ ಮೆಲ್ಲಗೆ ಹೊಡೆದು, ಮರುಕ್ಷಣವೇ ಎತ್ತರದಿಂದ ಬೀಳಬೇಕು. ಅದಕ್ಕೆ ಮಾತ್ರ ಮೆಟ್ರೊನೋಮ್ 50ಕ್ಕೆ ಇಳಿಸಿದರೂ ತಪ್ಪಿಲ್ಲ.

ಫೋನ್ ಅನ್ನು ಪ್ಯಾಡ್‌ನ ಮಟ್ಟಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ ನೋಡಿ. ಟ್ಯಾಪ್‌ಗಳು 3 ಇಂಚು ದಾಟದಿದ್ದರೆ ಮಾತ್ರ ವೇಗವನ್ನು ನಾಲ್ಕೈದು ಅಂಕಿ ಏರಿಸಿ.