ಬಾಡಿಗೆ ಕಮ್ಮಿ, ಲೆನ್ಸಿಗೆ ಜಾಸ್ತಿ

ಶೀರ್ಷಿಕೆ ನೋಡಿ ಮನೆ ಬಾಡಿಗೆಯ ವಿಷಯ ಅಂದುಕೊಂಡು ಬಂದವರು ಕ್ಷಮಿಸಬೇಕು. ಇದು ಕ್ಯಾಮೆರಾ ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ವಿಷಯ.

"ಫೋಟೋಗ್ರಫಿ ಶುರು ಮಾಡಬೇಕು, ಹೆಚ್ಚು ದುಡ್ಡಿಲ್ಲ, ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ಕ್ಯಾಮೆರಾ ಹೆಸರು ಹೇಳುವುದಿಲ್ಲ. ನಿಮ್ಮ ಮೊಬೈಲ್ ಕೊಡಿ ಇಲ್ಲಿ ಅನ್ನುತ್ತೇನೆ. ಹೋದ ವರ್ಷ ತೆಗೆದ ಫೋಟೋಗಳಲ್ಲಿ ಸೆಲ್ಫಿ, ಸ್ಕ್ರೀನ್‌ಶಾಟ್ ಬಿಟ್ಟು ಉಳಿದದ್ದೇನು ಅಂತ ನೋಡಬೇಕು. ನಮ್ಮ ಚಿಕ್ಕಮ್ಮನ ಮಗ ಹಕ್ಕಿ ಫೋಟೋಗಾಗಿಯೇ ಕ್ಯಾಮೆರಾ ಬೇಕು ಅಂತ ಹಟ ಹಿಡಿದಿದ್ದ. ಅವನ ಗ್ಯಾಲರಿಯಲ್ಲಿ ಹಕ್ಕಿ ಇದ್ದದ್ದು ನಾಲ್ಕು. ಉಳಿದದ್ದೆಲ್ಲ ಅವರ ಮನೆ ನಾಯಿ, ಅದೂ ಸೋಫಾ ಕೆಳಗೆ ಮಲಗಿರೋದು. ಹಕ್ಕಿಗೆ ಉದ್ದದ ಲೆನ್ಸ್ ಬೇಕು, ನಾಯಿಗೆ ಮಬ್ಬು ಬೆಳಕಲ್ಲೂ ಕೆಲಸ ಮಾಡೋ ಲೆನ್ಸ್ ಬೇಕು. ಎರಡೂ ಬೇರೆ ಬೇರೆ ಖರ್ಚು.

ನಾನು ಮೊದಲ ಸಲ ಮಾಡಿದ್ದು ತಪ್ಪೇ. ಇದ್ದಬದ್ದ ದುಡ್ಡನ್ನೆಲ್ಲ ಬಾಡಿಗೆ ಸುರಿದೆ. ಜೊತೆಗೆ ಬರುವ 18-55 ಎಂಎಂ ಜೂಮ್, ಅದೇ ಕಿಟ್ ಲೆನ್ಸ್, ಸಾಕು ಅಂದುಕೊಂಡಿದ್ದೆ. ಒಂದು ಸಂಜೆ ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಮತ್ತೆ ಮತ್ತೆ ಪ್ರಯತ್ನ. 55ಕ್ಕೆ ಜೂಮ್ ಮಾಡಿದೆ. ಅಲ್ಲಿ ಆ ಲೆನ್ಸ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ). ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ 1600 ಇಟ್ಟರೂ ಶಟರ್, ಅಂದರೆ ಬೆಳಕು ಒಳಬಿಡುವ ಪರದೆ, ತೆರೆದಿರಬೇಕಾದದ್ದು ಸೆಕೆಂಡಿನ 15ನೇ ಒಂದು ಭಾಗ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇತ್ತು, ಹಾಗಾಗಿ ಗೋಡೆ, ಕಿಟಕಿ ಸರಳು, ಸೀರೆಯ ಅಂಚು ಎಲ್ಲ ಚೂಪಾಗಿ ಬಂತು. ಅಜ್ಜಿಯ ಬೆರಳು ಮಾತ್ರ ಹೊಗೆಯ ಹಾಗೆ. ಸ್ಟೆಬಿಲೈಸೇಶನ್ ನನ್ನ ಕೈ ನಡುಕವನ್ನು ತಡೆದೀತು, ಅವರ ಕೈಯನ್ನು ನಿಲ್ಲಿಸೀತೇ?

ಮರುವಾರ ಗೆಳೆಯನ ಹತ್ತಿರ 50 ಎಂಎಂ ಎಫ್ 1.8 ಲೆನ್ಸ್ ಕಡ ತಂದೆ. ಪ್ಲಾಸ್ಟಿಕ್ ಮೈ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣದು. ಎಫ್ 5.6ಕ್ಕೆ ಹೋಲಿಸಿದರೆ 1.8ರಲ್ಲಿ ಒಳಗೆ ಬರುವ ಬೆಳಕು ಸುಮಾರು ಹತ್ತು ಪಟ್ಟು. ಅದೇ ಕಿಟಕಿ, ಅದೇ ಹೊತ್ತು, ಶಟರ್ ಸೆಕೆಂಡಿನ 160ನೇ ಒಂದು ಭಾಗಕ್ಕೆ ಹೋಯಿತು. ಸೂಜಿಯ ಕಣ್ಣು ಕಾಣಿಸಿತು, ಒದ್ದೆ ದಾರದ ತುದಿಯ ಎಳೆ ಕವಲೊಡೆದದ್ದೂ ಕಾಣಿಸಿತು. ಅಜ್ಜಿಯ ಮುಖ ಮಸುಕಾಯಿತು ಅನ್ನಿ, ಅಷ್ಟು ತೆರೆದಾಗ ಫೋಕಸ್ ಇರುವ ಪದರ ತೀರಾ ತೆಳು. ಬಾಡಿ ಮಾತ್ರ ಹಳೆಯದೇ.

ಅದಕ್ಕೇ ನನ್ನ ಲೆಕ್ಕ ಇಷ್ಟು: ಕೈಯಲ್ಲಿರುವ ದುಡ್ಡಲ್ಲಿ ಅರ್ಧಕ್ಕಿಂತ ಕಮ್ಮಿ ಬಾಡಿಗೆ, ಉಳಿದದ್ದು ಲೆನ್ಸ್, ಕಾರ್ಡ್, ಇನ್ನೊಂದು ಬ್ಯಾಟರಿಗೆ. ಬಜೆಟ್ ಸಣ್ಣದಾದಷ್ಟೂ ಇದನ್ನು ಬಿಗಿಯಾಗಿ ಪಾಲಿಸಬೇಕು.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 12 ಇದ್ದರೂ ಎ4 ಹಾಳೆಯಷ್ಟು ದೊಡ್ಡ ಪ್ರಿಂಟ್ ಆರಾಮಾಗಿ ಬರುತ್ತದೆ. ನೋಡಬೇಕಾದದ್ದು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಅಳತೆ. ಲೆನ್ಸ್ ಬದಲಿಸಬಹುದಾದ ಆರಂಭದ ಹಂತದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5 × 15.6 ಮಿ.ಮೀ., ಕ್ಯಾನನ್‌ನದು ಸ್ವಲ್ಪ ಚಿಕ್ಕದು. ಅಂಗಡಿಯಲ್ಲಿ ಕಣ್ಣು ಕುಕ್ಕುವ, ಚಂದ್ರನ ಕುಳಿ ತೋರಿಸುತ್ತೇವೆ ಅನ್ನುವ ದೊಡ್ಡ ಜೂಮಿನ, ಲೆನ್ಸ್ ಬದಲಿಸಲಾಗದ ಬ್ರಿಡ್ಜ್ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಸೆನ್ಸರ್ ಸುಮಾರು 6.2 × 4.6. ಗುಣಿಸಿ ನೋಡಿ, ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ವ್ಯತ್ಯಾಸ. ಬಿಸಿಲಲ್ಲಿ ಅವೂ ಚೆನ್ನಾಗಿಯೇ ತೆಗೆಯುತ್ತವೆ, ಸಂಜೆಯಾದರೆ ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ.

ಒಳಗಿನ ಕನ್ನಡಿಯ ಮೂಲಕ ನೋಡುವ ಡಿಎಸ್ಎಲ್ಆರ್ ಬೇಕೋ, ಆ ಕನ್ನಡಿಯಿಲ್ಲದ ಮಿರರ್‌ಲೆಸ್ ಬೇಕೋ? ಹೊಸ ಲೆನ್ಸುಗಳು ಈಗ ಹೆಚ್ಚಾಗಿ ಮಿರರ್‌ಲೆಸ್‌ಗೇ ಬರುತ್ತಿವೆ, ಕಣ್ಣಿಗೆ ತಾನೇ ಫೋಕಸ್ ಮಾಡುವ ಸೌಲಭ್ಯವೂ ಅಲ್ಲೇ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಜನ ಆ ಕಡೆ ಓಡುತ್ತಿರುವುದರಿಂದಲೇ ಡಿಎಸ್ಎಲ್ಆರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿದೆ. ಬಾಡಿಗೆ ಲೆನ್ಸ್ ಕೂರಿಸುವ ಜಾಗಕ್ಕೆ ಮೌಂಟ್ ಅನ್ನುತ್ತಾರೆ. ಕ್ಯಾನನ್ ಇಎಫ್ ಮೌಂಟ್ ಬಂದದ್ದು 1987ರಲ್ಲಿ, ನಿಕಾನ್ ಎಫ್ ಮೌಂಟ್ 1959ರಲ್ಲಿ. ಅಷ್ಟು ವರ್ಷಗಳ ಲೆನ್ಸುಗಳು ಕೈಯಿಂದ ಕೈಗೆ ಓಡಾಡುತ್ತಿವೆ. ಬ್ಯಾಟರಿ ವಿಷಯಕ್ಕೆ ಬಂದರೆ, 2018ರ ನಿಕಾನ್ ಡಿ3500 ಒಂದು ಚಾರ್ಜಿಗೆ 1550 ಚಿತ್ರ ತೆಗೆಯುತ್ತದೆ ಅನ್ನುವುದು ಅಧಿಕೃತ ಲೆಕ್ಕ. 2014ರ ಸೋನಿ ಎ6000ಕ್ಕೆ ಅದು 360ರ ಸುಮಾರು. ದುಡ್ಡು ಬಿಗಿ ಇದ್ದರೆ ನನ್ನ ಓಟು ಹಳೆಯ ಡಿಎಸ್ಎಲ್ಆರ್‌ಗೆ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ದಾಟಿ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸ್ ರಿಂಗನ್ನು ಕೈಯಲ್ಲೇ ತಿರುಗಿಸಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿದೆಯಾ ನೋಡಿ, ಅವುಗಳೊಳಗೆ ಮೋಟಾರ್ ಇರುತ್ತದೆ. ಎಎಫ್-ಪಿ ಆದರೆ ತೀರಾ ಹಳೆಯ ಬಾಡಿಗೆ ಹೊಂದುತ್ತದಾ ಅಂತಲೂ ವಿಚಾರಿಸಿ. ಕ್ಯಾನನ್ ಇಎಫ್ ಆಟೋಫೋಕಸ್ ಲೆನ್ಸುಗಳಲ್ಲಿ ಮೋಟಾರ್ ಲೆನ್ಸಿನೊಳಗೇ ಇರುವುದರಿಂದ ಈ ತಲೆನೋವಿಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಸಣ್ಣ ಟಾರ್ಚ್ ಜೇಬಲ್ಲಿರಲಿ. ಒಮ್ಮೆ ಒಬ್ಬರು "ಒಂದು ಸಲವೂ ಬಳಸಿಲ್ಲ ಸಾರ್, ಡಬ್ಬಿಯಲ್ಲೇ ಇತ್ತು" ಅಂದದ್ದನ್ನು ನಂಬಿ ಲೆನ್ಸ್ ತಂದೆ. ಮನೆಗೆ ಬಂದು ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರಬಲೆಯಂಥ ಎಳೆಗಳು. ಫಂಗಸ್. ಅವರು ಹೇಳಿದ್ದು ಸುಳ್ಳಲ್ಲ, ಡಬ್ಬಿಯೊಳಗೆ ಗಾಳಿ ಬೆಳಕಿಲ್ಲದೆ ತೇವದಲ್ಲಿ ಕೂತದ್ದಕ್ಕೇ ಅದು ಹಿಡಿದದ್ದು. ಈಗ "ಬಳಸೇ ಇಲ್ಲ" ಅಂದರೆ ನನಗೆ ಅನುಮಾನವೇ ಜಾಸ್ತಿ. ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೇನೂ ಆಗುವುದಿಲ್ಲ, ಎಳೆ ಕಂಡರೆ ಎದ್ದು ಬನ್ನಿ.

ಬಾಡಿಗೆ ಬಂದರೆ, ಅಪರ್ಚರ್, ಅಂದರೆ ಲೆನ್ಸಿನ ಬಾಯಿ, ಎಫ್ 16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆಯ ಒಂದು ಚಿತ್ರ ತೆಗೆಯಿರಿ. ಹಿಗ್ಗಿಸಿ ನೋಡಿದಾಗ ಕಾಣುವ ಮಸುಕು ಕಪ್ಪು ಚುಕ್ಕೆಗಳು ಸೆನ್ಸರ್ ಮೇಲಿನ ಧೂಳು, ಕ್ಲೀನ್ ಮಾಡಿದರೆ ಹೋಗುತ್ತವೆ. ಗೀರು ಕಂಡರೆ ಬೇಡ. ಆಮೇಲೆ ಒಂದೊಂದೇ ಬಟನ್, ಡಯಲ್, ಫ್ಲ್ಯಾಶ್, ಬ್ಯಾಟರಿ ಬಾಗಿಲು. ಹತ್ತಿರದ್ದಕ್ಕೂ ದೂರದ್ದಕ್ಕೂ ಫೋಕಸ್ ಮಾಡಿಸಿ, ಕರಕರ ಸದ್ದು ಬರಬಾರದು. ಆರಂಭದ ಹಂತದ ಬಾಡಿಗಳ ಶಟರ್ ಸಾಮಾನ್ಯವಾಗಿ ಲಕ್ಷದ ಆಸುಪಾಸಿನ ಕ್ಲಿಕ್ಕಿಗೆ ಮಾಡಿದ್ದು. ನಿಕಾನ್‌ನಲ್ಲಿ ಈ ಎಣಿಕೆ ಸಾಮಾನ್ಯವಾಗಿ ಫೋಟೋ ಫೈಲಿನ ಮಾಹಿತಿಯಲ್ಲೇ ಸಿಗುತ್ತದೆ, ಕಾರ್ಡ್ ನಿಮ್ಮದೇ ಇರಲಿ ಅಂದದ್ದು ಅದಕ್ಕೂ ಸೇರಿಸಿ. ಕೊಂಡ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬರೀ ಡಬ್ಬ ಸಾಲದು ಅನ್ನುವುದಕ್ಕೆ ನಾನೇ ಸಾಕ್ಷಿ.

ಇನ್ನು ಎಫ್ 1.8ರಂಥ ಆ ಅಗಲ ಬಾಯಿಯ ಲೆನ್ಸ್ 35 ಎಂಎಂ ಆಗಬೇಕೋ 50 ಎಂಎಂ ಆಗಬೇಕೋ? ಎಪಿಎಸ್-ಸಿಯಲ್ಲಿ 50 ಸಣ್ಣ ಕೋಣೆಯೊಳಗೆ ಇಕ್ಕಟ್ಟು, ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತದೆ. ಕೊಳ್ಳುವ ಮೊದಲು ಕಿಟ್ ಲೆನ್ಸನ್ನೇ ಒಂದು ವಾರ 35ಕ್ಕೆ, ಇನ್ನೊಂದು ವಾರ 50ಕ್ಕೆ ತಿರುಗಿಸಿ ಜೂಮ್ ರಿಂಗಿಗೆ ಟೇಪ್ ಸುತ್ತಿ ಓಡಾಡಿ. ಯಾವ ವಾರ ಟೇಪ್ ಕೀಳಬೇಕು ಅನ್ನಿಸಲಿಲ್ಲವೋ ಆ ಲೆನ್ಸ್ ನಿಮ್ಮದು. ಚಿಕ್ಕಮ್ಮನ ಮಗನಿಗೆ 35 ಒಗ್ಗಿತು. ಅಷ್ಟರಲ್ಲಿ ನಾಯಿ ಕ್ಯಾಮೆರಾ ಕಂಡ ಕೂಡಲೇ ಎದ್ದು ಆಚೆ ಕೋಣೆಗೆ ಹೋಗುವುದನ್ನು ಕಲಿತಿತ್ತು.